ಕೊಂಬೆ ಹಿಡಿದವಳು ಮಾತಾಡುವುದಿಲ್ಲ

ಬಿಸಿ ಬಂಡೆಯ ಮೇಲೆ ಒಣಗುವ ಕಂಬಳಿಯ ವಾಸನೆ. ಹಸಿರು ಸೋಪು, ಒಲೆಯ ಹೊಗೆ, ಅಪ್ಪನ ಬೆವರು, ಮೂರೂ ಕಲೆತ ವಾಸನೆ. ನಮ್ಮ ಕಡೆ ಚಳಿಗಾಲ ಮುಗಿದು ಮಳೆ ಬರುವ ಮುಂಚೆ, ಸೆಪ್ಟೆಂಬರಿನಲ್ಲಿ, ಊರಿನ ಹೆಂಗಸರೆಲ್ಲ ಮನೆಮನೆಯ ಕಂಬಳಿಗಳನ್ನು ತಲೆಯ ಮೇಲೆ ಹೊತ್ತು ಜಲಪಾತಕ್ಕೆ ಹೋಗುತ್ತಿದ್ದರು. ನನಗಾಗ ಆರೋ ಏಳೋ ವರ್ಷ. ಕೆಳಗಿನ ಮಡುವಿನಲ್ಲಿ ಕಂಬಳಿ ತುಳಿಯುವುದು ಮಕ್ಕಳ ಕೆಲಸ. ಕಾಲು ಮರಗಟ್ಟುತ್ತಿತ್ತು. ಆಗ ಅಮ್ಮ ನನ್ನನ್ನು ಎತ್ತಿ ಬಂಡೆಯ ಮೇಲೆ ಕೂರಿಸುತ್ತಿದ್ದಳು. ಕಲ್ಲಿನ ಬಿಸಿ ಮೈಗೆ ಏರುತ್ತಿತ್ತು.

ಆ ಬಂಡೆಗೆ ಈಗ ಕಬ್ಬಿಣದ ಬೆಂಚು ಜಡಿದಿದ್ದಾರೆ. ಅಲ್ಲಿ ಕೂರಬೇಕಾದರೆ ಟಿಕೆಟ್ ಬೇಕು.

ನಮ್ಮೂರು ಕ್ವಾನ್ಯೋಸಿ, ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಬುಡದಲ್ಲಿದೆ. ಜಲಪಾತಕ್ಕೂ ಅದೇ ಹೆಸರಿತ್ತು. ಈಗ ಗೇಟಿನ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ಬೆಳ್ಳಿ ಮುಸುಕು’ ಎಂದು ಬರೆದಿದೆ. ಊರಿನಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಓದು ಮುಗಿಸಿ ಟೀಚರಾಗಿ ವಾಪಸು ಬರುವಷ್ಟರಲ್ಲಿ ಬೇಲಿ ಬಂದಿತ್ತು. ಮೊದಲು ಅದು ಸರ್ಕಾರದ ಬೇಲಿ. ಆಮೇಲೆ ಬಿಳಿಯ ಜಮೀನ್ದಾರನ ಬೇಲಿ. ಈಗ ರೆಸಾರ್ಟಿನ ಬೇಲಿ. ತೊಂಬತ್ತನಾಲ್ಕರಲ್ಲಿ ಕರಿಯರಾದ ನಮಗೂ ವೋಟು ಬಂತು. ಇಡೀ ದಿನ ಸಾಲಿನಲ್ಲಿ ನಿಂತು ಹಾಕಿದೆವು. ಬೇಲಿ ಇದ್ದಲ್ಲೇ ಇತ್ತು. ಕಂಬಗಳಿಗೆ ಹೊಸ ಬಣ್ಣ ಬಳಿದರು.

ಅಲ್ಲಿಂದ ಮುಂದೆ ನಮ್ಮವರು ಜಲಪಾತ ನೋಡಬೇಕಾದರೆ ಕೂಲಿಗೆ ಹೋಗಬೇಕಾಯಿತು. ಖೆತಿವೆ ಹಾಗೆ ಹೋದವಳು.

ಖೆತಿವೆ ನನ್ನ ಪಕ್ಕದ ಮನೆಯ ಮಾಂಬೇಲೆಯ ಒಬ್ಬಳೇ ಮಗಳು. ನನ್ನ ಶಾಲೆಯಲ್ಲೇ ಓದಿದವಳು. ಜಲಪಾತದ ಬುಡಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ, ನೂರಾ ಎಂಬತ್ತು. ನೀರಿನ ಸಿಡಿತಕ್ಕೆ ದಿನವೂ ಪಾಚಿ ಕಟ್ಟುತ್ತದೆ. ಅತಿಥಿಗಳು ಜಾರಬಾರದು. ಅದಕ್ಕೆ ಖೆತಿವೆ ಇದ್ದಳು. ತಂತಿಯ ಬ್ರಷ್ಷು ಹಿಡಿದು, ಮಂಡಿಯೂರಿ, ಮೇಲಿನಿಂದ ಕೆಳಕ್ಕೆ ಹಿಂದುಹಿಂದಕ್ಕೆ ಸರಿಯುತ್ತ ಉಜ್ಜಬೇಕು. ಅತಿಥಿಗಳು ಏಳುವುದರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಪೊದೆಯ ಹಿಂದೆ ಕೂತು ಅವರು ಹೋಗುವವರೆಗೆ ಕಾಯಬೇಕು. ಕೂಲಿಯವರು ಅತಿಥಿಗಳ ಕಣ್ಣಿಗೆ ಬೀಳುವಂತೆ ಉಣ್ಣಬಾರದು ಎಂದೂ ಕಟ್ಟಳೆ. ಅವಳ ಊಟದ ಡಬ್ಬಿ ಗೇಟಿನ ಕಾವಲು ಗೂಡಿನಲ್ಲಿ ಮೊಳೆಗೆ ನೇತುಬಿದ್ದಿರುತ್ತಿತ್ತು. ನೀಲಿ ಡಬ್ಬಿ. ಮುಚ್ಚಳದ ಮೇಲೆ ಕೆಂಪು ಉಗುರುಬಣ್ಣದಲ್ಲಿ ತನ್ನ ಹೆಸರು ಬರೆದಿದ್ದಳು.

ಒಂದು ಸಂಜೆ ನಮ್ಮ ಮನೆಗೆ ಬಂದಾಗ ಅವಳ ಮಂಡಿ ನೋಡಿದೆ. ಚರ್ಮ ದಪ್ಪಗಟ್ಟಿ, ಒಡೆದು, ನಡುವೆ ಕೀವು. ಬಿಸಿನೀರು ಕಾಯಿಸಿ ತಂದೆ.

“ಮೆಟ್ಟಿಲ ಪಕ್ಕ ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿ ಅಂತ ಕೇಳ್ದೆ ಮಿಸ್,” ಅಂದಳು. “ಕಂಬಿ ಹಾಕಿದ್ರೆ ಫೋಟೋ ಕೆಡುತ್ತಂತೆ.”

“ಸೊಂಟಕ್ಕೆ ಕಟ್ಕೊಳ್ಳೋಕೆ ಒಂದು ಹಗ್ಗನಾದ್ರೂ ಕೊಡಬಾರದಾ?”

“ನಾನೇ ಫೋಟೋದಲ್ಲಿ ಬರಬಾರದು ಅಂತಾರೆ, ಇನ್ನು ಹಗ್ಗ ಬಂದ್ರೆ ಸುಮ್ನಿರ್ತಾರಾ?” ಎಂದು ನಕ್ಕಳು. ಬಿಸಿನೀರು ತಾಗಿ ನಗು ಅರ್ಧಕ್ಕೆ ನಿಂತಿತು.

ಮಾರ್ಚಿನಲ್ಲಿ, ಮಳೆ ಜೋರಿದ್ದ ವಾರ, ಅವಳು ನೂರಾ ನಲವತ್ತನೆಯ ಮೆಟ್ಟಿಲಿನ ಹತ್ತಿರದಿಂದ ಬಿದ್ದಳು. ಅರ್ಧ ದಿನ ಜಲಪಾತ ಮುಚ್ಚಿದರು. ಹೆಲಿಕಾಪ್ಟರು ಬಂತು. ಶವ ಪಟ್ಟಣದ ಆಸ್ಪತ್ರೆಗೆ ಹೋಗಿ, ಹೊಲಿಗೆ ಹಾಕಿಸಿಕೊಂಡು, ಪೆಟ್ಟಿಗೆಯಲ್ಲಿ ಮನೆಗೆ ಬಂತು. ಪೆಟ್ಟಿಗೆ ರೆಸಾರ್ಟಿನವರೇ ಕೊಟ್ಟರು. ಎರಡು ಚೀಲ ಮೆಕ್ಕೆಜೋಳದ ಹಿಟ್ಟು ಕಳಿಸಿದರು. ಮೂರನೆಯ ದಿನ ಬೇರೊಬ್ಬಳ ಕೈಗೆ ಅದೇ ಬ್ರಷ್ಷು ಕೊಟ್ಟರು.

ಹೂಳಿದ್ದು ಮೈಯನ್ನು ಮಾತ್ರ. ಖೆತಿವೆ ಇನ್ನೂ ಅಲ್ಲೇ ಇದ್ದಳು.

ಮಾಂಬೇಲೆ ಬೆಳಗಾದರೆ ನನ್ನ ಬಾಗಿಲಿಗೆ ಬರುತ್ತಿದ್ದಳು. “ಟೀಚರಮ್ಮ, ಮತ್ತೆ ಕನಸಲ್ಲಿ ಬಂದಿದ್ಲು. ಮೈಯೆಲ್ಲ ಒದ್ದೆ. ಅಮ್ಮ ಚಳಿ, ಕಂಬಳಿ ಕೊಡು ಅಂದ್ಳು. ಕೊಡೋಕೆ ಹೋದ್ರೆ ಮಧ್ಯ ಬೇಲಿ.”

ನಮ್ಮ ಝುಲು ಜನರಲ್ಲಿ ಸತ್ತವರನ್ನು ಅವರು ಸತ್ತ ಜಾಗದಿಂದ ಮನೆಗೆ ಕರೆದು ತರಬೇಕು. ಉಮ್ಫಾಫಾ ಮರದ ಮುಳ್ಳಿನ ಕೊಂಬೆ ಹಿಡಿದು ಹೋಗಬೇಕು; ಸತ್ತವರ ಜೀವ ಆ ಕೊಂಬೆ ಹಿಡಿದು ಮನೆಗೆ ಬರುತ್ತದೆ. ಮಾಂಬೇಲೆಯ ಗಂಡ ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ಕಲ್ಲು ಕುಸಿದು ಸತ್ತಾಗ ಅವನ ತಮ್ಮ ಹಾಗೆ ಹೋಗಿದ್ದ. ಗಣಿಯವರು ಕೂಡ ಗಣಿಬಾವಿಯ ಬಾಯಿಯವರೆಗೆ ಬಿಟ್ಟಿದ್ದರು. ಬರುವಾಗ ರೈಲಿನಲ್ಲಿ ಎರಡು ಟಿಕೆಟ್ ತೆಗೆಸಿದ, ಒಂದು ತನಗೆ, ಒಂದು ಅಣ್ಣನಿಗೆ. ಪಕ್ಕದ ಸೀಟಿನ ಮೇಲೆ ಕೊಂಬೆ ಮಲಗಿಸಿಕೊಂಡು ಬಂದ. ದಾರಿಯುದ್ದಕ್ಕೂ ಅಣ್ಣನ ಜೊತೆ ಮಾತ್ರ ಮಾತು. ಬೇರೆ ಯಾರೊಂದಿಗಾದರೂ ಒಂದು ಮಾತು ಆಡಿದರೆ ಸತ್ತವರು ಅಲ್ಲೇ ನಿಂತುಬಿಡುತ್ತಾರೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೊಂಬೆ ಹಿಡಿದವರು ಎದುರಾದರೆ ನಾವು ನಮಸ್ಕಾರ ಹೇಳದೆ ಪಕ್ಕಕ್ಕೆ ಸರಿಯುತ್ತೇವೆ.

ಈಗ ಆ ಮೈದುನನೂ ಇಲ್ಲ. ಮನೆಯಲ್ಲಿ ಗಂಡಸು ಅಂತ ಯಾರೂ ಉಳಿದಿರಲಿಲ್ಲ. “ನಾನೇ ಹಿಡೀತೀನಿ,” ಅಂದಳು ಮಾಂಬೇಲೆ. “ಹೆತ್ತವಳಿಗೆ ಯಾರ ಅಪ್ಪಣೆ?”

ಅಪ್ಪಣೆ ಬೇಕಾಗಿತ್ತು. ರೆಸಾರ್ಟಿಗೆ ಮೂರು ಕಾಗದ ಬರೆದೆ. ನನ್ನ ಇಂಗ್ಲಿಷು ಚೆನ್ನಾಗಿದೆ. ಮ್ಯಾನೇಜರ್ ಕ್ಲೈವ್ ಉತ್ತರ ಬರೆದ. ಎಲ್ಲ ಸಂಸ್ಕೃತಿಗಳನ್ನೂ ಗೌರವಿಸುತ್ತೇವೆ ಅಂದ. ವಿಮೆಯ ತೊಂದರೆ ಇದೆ ಅಂದ. ಮೂರನೆಯ ಕಾಗದದಲ್ಲಿ ಒಂದು ಸಲಹೆ ಕೊಟ್ಟ: ಶನಿವಾರ ಸಂಜೆ ಅತಿಥಿಗಳಿಗೆ ಝುಲು ಕುಣಿತ ಇರುತ್ತದೆ, ನಿಮ್ಮ ಕೊಂಬೆಯ ಶಾಸ್ತ್ರವನ್ನೂ ಆಗಲೇ ಇಟ್ಟುಕೊಂಡರೆ ಬಂದವರಿಗೂ ತಿಳಿವಳಿಕೆಯಾಗುತ್ತದೆ.

ಅದನ್ನು ಮಾಂಬೇಲೆಗೆ ಓದಿ ಹೇಳಲಿಲ್ಲ. ಒಲೆಗೆ ಹಾಕಿದೆ. ನಾಲ್ಕನೆಯ ಕಾಗದ ಬರೆದೆ. ಜೂನಿನ ಒಂದು ಮಂಗಳವಾರ, ಒಂದು ಗಂಟೆ ಕೊಟ್ಟರು.

ಗೇಟಿನಲ್ಲಿ ಕಾವಲುಗಾರ ಜೆಫಾನಿಯಾ ಇದ್ದ. ಅವನೂ ನನ್ನ ಶಿಷ್ಯ, ಈಗ ಐವತ್ತು ದಾಟಿದೆ. ಕೊಂಬೆ ಕಂಡ ಕೂಡಲೇ ಟೋಪಿ ತೆಗೆದು ಗೋಡೆಯ ಕಡೆ ಮುಖ ಮಾಡಿ ನಿಂತ. ಮೆಟ್ಟಿಲು ಇಳಿಯುವಾಗ ಮಾಂಬೇಲೆ ಒಂದೊಂದನ್ನೂ ಕೈಯಿಂದ ಮುಟ್ಟಿದಳು. ನೂರಾ ನಲವತ್ತರ ಹತ್ತಿರ ಕೂತಳು. ಕೊಂಬೆಯನ್ನು ಒದ್ದೆ ಕಲ್ಲಿಗೆ ತಾಗಿಸಿದಳು.

“ಖೆತಿವೆ, ಅಮ್ಮ ಬಂದಿದೀನಿ. ತಡವಾಯ್ತು ಮಗಳೇ, ಬಿಡಲಿಲ್ಲ ಇವರು. ಏಳು. ಕೊಂಬೆ ಹಿಡ್ಕೊ. ಮನೆಗೆ ಹೋಗೋಣ.”

ಹತ್ತುವಾಗ ದಾರಿ ಹೇಳುತ್ತ ಬಂದಳು. “ಇಲ್ಲಿ ಪಾಚಿ ಇದೆ, ಹುಷಾರು. ಇಲ್ಲಿ ಬೇರು ಇದೆ, ಎಡವಬೇಡ.” ನಾನು ಹತ್ತು ಹೆಜ್ಜೆ ಹಿಂದೆ. ಅವಳ ಬೆನ್ನು ಹಗುರಾದದ್ದು ನನಗೆ ಹಿಂದಿನಿಂದಲೇ ಗೊತ್ತಾಯಿತು.

ಗೇಟಿಗೆ ಇನ್ನು ಇಪ್ಪತ್ತು ಮಾರು ಇತ್ತು. ಕ್ಲೈವ್ ಸಣ್ಣ ಗಾಡಿಯಲ್ಲಿ ಎದುರು ಬಂದ. ಒಳ್ಳೆಯ ನಗುಮುಖ. ನಮ್ಮ ಭಾಷೆಯ ನಾಲ್ಕು ಮಾತು ಕಲಿತಿದ್ದ. ಕೈಯೆತ್ತಿ, ನಮ್ಮ ಭಾಷೆಯಲ್ಲೇ, “ಚೆನ್ನಾಗಿದೀಯಾ ಅಮ್ಮಾ?” ಎಂದು ಕೂಗಿದ.

“ಚೆನ್ನಾಗಿದೀನಿ ಬಾಸ್,” ಅಂದಳು ಮಾಂಬೇಲೆ.

ಮಂಡಿಯೂ ಸ್ವಲ್ಪ ಬಾಗಿತು. ಆಮೇಲೆ ಅವಳಿಗೆ ಗೊತ್ತಾಯಿತು. ಕೊಂಬೆ ಕೈಯಿಂದ ಜಾರಿತು.

ನಲವತ್ತೊಂದು ವರ್ಷ ಅವಳು ಜಮೀನ್ದಾರರ ಅಡುಗೆಮನೆಗಳಲ್ಲಿ ದುಡಿದಿದ್ದಳು. ಕರೆದ ಕೂಡಲೇ ಓ ಅನ್ನಬೇಕು. ಎರಡನೆಯ ಸಲ ಕರೆಸಿಕೊಂಡರೆ ಕಪಾಳಕ್ಕೆ. ಆ ಉತ್ತರ ಅವಳು ಕೊಟ್ಟದ್ದಲ್ಲ, ಅವಳ ಬಾಯಿ ಕೊಟ್ಟದ್ದು.

ಮತ್ತೆ ಕೆಳಗೆ ಹೋಗಬೇಕು ಎಂದು ನಾನು ಕ್ಲೈವನನ್ನು ಕೇಳಿದೆ. ಅವನು ಗಡಿಯಾರ ನೋಡಿದ. “ಒಂದು ಗಂಟೆ ಮುಗೀತು ಮೇಡಂ. ಕೆಳಗಡೆ ಅತಿಥಿಗಳ ಊಟಕ್ಕೆ ಮೇಜು ಹಾಕ್ತಿದ್ದಾರೆ. ಮುಂದಿನ ತಿಂಗಳು ನೋಡೋಣ, ಕಾಗದ ಬರೀರಿ.”

ಮನೆಗೆ ಬಂದ ಮೇಲೆ ಮಾಂಬೇಲೆ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಅಂದಳು, “ನನ್ನ ಬಾಯಿ ನನ್ನದಲ್ಲ ಟೀಚರಮ್ಮ. ಅವಳನ್ನ ಗೇಟಿನವರೆಗೂ ತಂದು ಬಿಟ್ಟುಬಂದೆ. ಈಗ ಅವಳು ಮೆಟ್ಟಿಲ ಹತ್ರಾನೂ ಇಲ್ಲ, ಮನೇಲೂ ಇಲ್ಲ. ನಡುದಾರೀಲಿ ನಿಂತಿದಾಳೆ, ಆ ಗಾಡಿ ಓಡಾಡೋ ಜಾಗದಲ್ಲಿ.”

ಮೂವತ್ತಾರು ವರ್ಷ ಪಾಠ ಹೇಳಿದೆ. ಮಕ್ಕಳಿಗೆ ಮೊದಲು ಕಲಿಸಿದ್ದೇ ಅದು. ದೊಡ್ಡವರು ಕೇಳಿದರೆ ಎದ್ದು ನಿಂತು ತಕ್ಷಣ ಉತ್ತರ ಕೊಡಬೇಕು. ಗಟ್ಟಿಯಾಗಿ, ಇಂಗ್ಲಿಷಿನಲ್ಲಿ. ಖೆತಿವೆಗೂ ಕಲಿಸಿದ್ದೆ. ಅವಳು ಎದ್ದು ನಿಂತು ‘ಎಸ್ ಮಿಸ್’ ಅನ್ನುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಕಂಬಿ ಇಲ್ಲ, ಇಳಿ ಅಂದಾಗಲೂ ಹಾಗೇ ಅಂದಿರಬೇಕು.

“ನಂಗೆ ಕಲಿಸು,” ಅಂದಳು ಮಾಂಬೇಲೆ. “ಉತ್ತರ ಕೊಡದೆ ಇರೋದನ್ನ ಕಲಿಸು.”

ಹಾಗೆ ಪಾಠ ಶುರುವಾಯಿತು. ಅವಳು ಅಂಗಳದಲ್ಲಿ ಪೊರಕೆಯನ್ನು ಕೊಂಬೆಯಂತೆ ಹಿಡಿದು ನಡೆಯುವುದು. ನಾನು ಬೇಲಿಯಾಚೆಯಿಂದ ದಪ್ಪ ದನಿ ಮಾಡಿ ಬಿಳಿಯನ ಹಾಗೆ ಕರೆಯುವುದು.

“ಮಾಂಬೇಲೆ!”

“ಬಾಸ್!”

ಇಬ್ಬರೂ ನಿಂತೆವು. ಅವಳು ಪೊರಕೆ ಕೆಳಗೆ ಹಾಕಿ ನಗತೊಡಗಿದಳು. ನಾನೂ ನಕ್ಕೆ. ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗಳು ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

ಬಾಯಲ್ಲಿ ನೀರು ತುಂಬಿಕೊಂಡು ನಡೆದಳು. ಕರೆದಾಗಲೆಲ್ಲ ನೀರು ಹೊರಗೆ ಚಿಮ್ಮುತ್ತಿತ್ತು. ಬಾಯಲ್ಲಿ ಹರಳು ಇಟ್ಟುಕೊಂಡಳು. ಅಂಗಡಿಯ ಮುಂದೆ ಮುದುಕರು ಬೇಕೆಂದೇ ಕೂಗುತ್ತಿದ್ದರು. “ಏನೇ ಮಾಂಬೇಲೆ, ಕೋಳಿ ಮೊಟ್ಟೆ ಇಟ್ಟಿತೇನೇ? ಉತ್ತರ ಕೊಡದಷ್ಟು ದೊಡ್ಡೋಳಾದ್ಯಾ?” ಅದು ತಮಾಷೆಯಲ್ಲ, ಅವರು ಮಾಡುತ್ತಿದ್ದ ಉಪಕಾರ. ಇಡೀ ಊರು ಅವಳನ್ನು ಕರೆಯಿತು. ಅವಳು ತುಟಿ ಕಚ್ಚಿ ನಡೆದಳು. ಆಗಸ್ಟಿನ ಕೊನೆಗೆ ಅವಳ ಕಣ್ಣು ಕೂಡ ಅಲುಗುತ್ತಿರಲಿಲ್ಲ.

ಈ ಸಲ ಕಾಗದ ಬರೆಯಬೇಡ ಅಂದಳು.

ಸೆಪ್ಟೆಂಬರಿನ ಒಂದು ಶನಿವಾರ, ಕಂಬಳಿ ಒಗೆಯುವ ಕಾಲ, ಹೊಸ ಕೊಂಬೆ ಕಡಿದುಕೊಂಡು ಹೊರಟೆವು. ಆ ಮರಕ್ಕೆ ಎರಡು ಬಗೆಯ ಮುಳ್ಳು. ಒಂದು ನೇರ, ಒಂದು ಕೊಕ್ಕೆ. ನೇರ ಮುಳ್ಳು ಮುಂದೆ ಹೋಗು ಅನ್ನುತ್ತದೆ, ಕೊಕ್ಕೆ ಮುಳ್ಳು ಹಿಂದಿನದನ್ನು ಬಿಡಬೇಡ ಅನ್ನುತ್ತದೆ ಎಂದು ಹಿರಿಯರ ಮಾತು.

ಗೇಟಿನಲ್ಲಿ ಜೆಫಾನಿಯಾ ನಮ್ಮನ್ನು ನೋಡಿದ. ಪಾಸು ಕೇಳಬೇಕಾದದ್ದು ಅವನ ಕೆಲಸ.

“ಮಿಸ್,” ಅಂದ ನನಗೆ ಮಾತ್ರ ಕೇಳುವಂತೆ, “ಬೆಳಗ್ಗೆಯಿಂದ ಹೊಟ್ಟೆ ಸರಿ ಇಲ್ಲ. ಪೊದೆ ಹಿಂದೆ ಹೋಗ್ತೀನಿ. ಗೇಟು ಹಾಕೋದು ಮರ್ತುಬಿಟ್ಟೆ ಅನ್ಸುತ್ತೆ.”

“ಆ ಕಾಲದಲ್ಲೂ ಹೋಮ್‌ವರ್ಕ್ ಮರೀತಿದ್ದೆ,” ಅಂದೆ.

“ಹೌದು ಮಿಸ್. ಅಭ್ಯಾಸ,” ಎಂದು ಹೋದ.

ಕೆಳಗೆ ಡರ್ಬನ್ನಿನಿಂದ ಬಂದವರ ಮದುವೆ ನಡೆದಿತ್ತು. ಜಲಪಾತದ ಮುಂದೆ ಬಿಳಿ ಹೂವಿನ ಕಮಾನು. ಅಮ್ಮ ನನ್ನನ್ನು ಕೂರಿಸುತ್ತಿದ್ದ ಬಂಡೆಯ ಮೇಲೆ ಮೂರು ಜನ ಪಿಟೀಲು ಹಿಡಿದು ಕೂತಿದ್ದರು. ಮಾಂಬೇಲೆ ಯಾರನ್ನೂ ನೋಡಲಿಲ್ಲ. ಮೆಟ್ಟಿಲಿಗೆ ಹೋಗಿ ಕೊಂಬೆ ತಾಗಿಸಿದಳು. ಆಮೇಲೆ ಗಾಡಿಯ ದಾರಿಯಲ್ಲಿ, ಕಳೆದ ಸಲ ಮಾತಾಡಿ ಕಳಕೊಂಡ ಜಾಗಕ್ಕೆ ಬಂದು, ನೆಲಕ್ಕೆ ಬಾಗಿ ಮತ್ತೆ ಕರೆದಳು.

“ಖೆತಿವೆ, ಇಲ್ಲಿ ನಿಂತಿದ್ರೂ ಬಾ, ಅಲ್ಲಿ ನಿಂತಿದ್ರೂ ಬಾ. ಹೋದ ಸಲ ಅಮ್ಮಂದು ತಪ್ಪಾಯ್ತು. ಮನೇಲಿ ಕಂಬಳಿ ಹಾಸಿಟ್ಟು ಬಂದಿದೀನಿ.”

ಅಷ್ಟರಲ್ಲಿ ಮದುವೆಯವರು ಮೇಲೆ ಹತ್ತಿ ಬಂದಿದ್ದರು. ಹಿಂದೆಯೇ ಕ್ಲೈವ್, ಇಬ್ಬರು ಸೆಕ್ಯೂರಿಟಿಯವರು. ದಾರಿಗೆ ಅಡ್ಡ ನಿಂತ. ನಗು ಇನ್ನೂ ಇತ್ತು.

“ಚೆನ್ನಾಗಿದೀಯಾ ಅಮ್ಮಾ?”

ಮಾಂಬೇಲೆ ಸುಮ್ಮನಿದ್ದಳು. ಅವನು ಇಂಗ್ಲಿಷಿಗೆ ಹೊರಳಿದ.

“ಅಮ್ಮಾ, ಇವತ್ತು ಇಲ್ಲಿ ಬರುವ ಹಾಗಿಲ್ಲ. ಈ ಮದುಮಗಳಿಗೆ ಒಂದು ಸಾರಿ ಕ್ಷಮಿಸಿ ಅಂತ ಹೇಳಿಬಿಡು. ನಾನೇ ಗಾಡಿಯಲ್ಲಿ ಮನೆವರೆಗೆ ಬಿಡ್ತೀನಿ. ಅಷ್ಟೇ.”

ಮಾಂಬೇಲೆಯ ಕತ್ತಿನ ನರ ಎದ್ದು ನಿಂತಿತ್ತು. ತುಟಿ ಬೆಳ್ಳಗಾಗಿತ್ತು. ನಲವತ್ತೊಂದು ವರ್ಷ ಆ ತುಟಿಯನ್ನು ಒಳಗಿನಿಂದ ತಳ್ಳುತ್ತಿದ್ದವು. ನನಗೆ ಕಾಣುತ್ತಿತ್ತು.

“ನಿನ್ನನ್ನೇ ಕೇಳ್ತಿದೀನಿ,” ಅಂದ. ನಗು ಹೋಗಿತ್ತು. “ಕಿವಿ ಕೇಳಿಸಲ್ವಾ? ಉತ್ತರ ಕೊಡು!”

ಆ ದನಿ ನಮಗೆ ಗೊತ್ತಿದ್ದ ದನಿ. ನಾನೇ ಒಂದು ಹೆಜ್ಜೆ ಹಿಂದೆ ಇಟ್ಟೆ.

ಮಾಂಬೇಲೆ ಕೊಂಬೆಯ ಕಡೆ ತಿರುಗಿದಳು. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಅಂದಳು:

“ಮಗಳೇ, ಇಲ್ಲೊಬ್ಬ ಗಂಡಸು ಅಡ್ಡ ನಿಂತಿದಾನೆ. ಹೆದರಬೇಡ. ನನ್ನ ಪಕ್ಕಕ್ಕೆ ಬಾ. ಇವನಿಗೆ ಇನ್ಮೇಲೆ ನೀನು ಉತ್ತರ ಕೊಡಬೇಕಾಗಿಲ್ಲ.”

ಕ್ಲೈವನಿಗೆ ಆ ನಾಲ್ಕು ಮಾತಿನ ಹೊರಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ದಾರಿಯ ಪಕ್ಕ ರೆಸಾರ್ಟಿನ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದ ನಮ್ಮೂರ ಹೆಂಗಸರಿಗೆ ಬರುತ್ತಿತ್ತು. ಒಬ್ಬೊಬ್ಬರಾಗಿ ಕೈಯಲ್ಲಿದ್ದ ತಟ್ಟೆಗಳನ್ನು ನೆಲಕ್ಕಿಟ್ಟರು.

“ಏನಂದ್ಲು?” ಎಂದು ಕ್ಲೈವ್ ನನ್ನ ಕಡೆ ತಿರುಗಿದ. “ನೀವು ಓದಿದವರು ಮೇಡಂ. ನೀವಾದರೂ ಹೇಳಿ.”

ನಾಲಗೆಯ ತುದಿಗೆ ಇಂಗ್ಲಿಷ್ ಬಂದಿತ್ತು. ಒಳ್ಳೆಯ, ತಪ್ಪಿಲ್ಲದ ಇಂಗ್ಲಿಷ್. ಕೊಂಬೆಯ ಬಗ್ಗೆ, ಸತ್ತವರ ಬಗ್ಗೆ, ದಯವಿಟ್ಟು, ಅಂತ. ಹೀಗೆ ಎಷ್ಟು ಸಲ ವಿವರಿಸಿದ್ದೇನೆ? ಬೇಲಿಯ ಬಗ್ಗೆ, ನೀರಿನ ಬಗ್ಗೆ, ಕಂಬಿಯ ಬಗ್ಗೆ. ನಾನು ಮಾತಾಡಬಾರದು ಎಂದೇನೂ ಇರಲಿಲ್ಲ, ಕೊಂಬೆ ನನ್ನ ಕೈಯಲ್ಲಿರಲಿಲ್ಲ. ಆದರೂ ಬಾಯಿ ಮುಚ್ಚಿದೆ. ಅವನ ಕಣ್ಣಿಗೆ ಕಣ್ಣಿಟ್ಟು ನಿಂತೆ.

ಅವನು ಕೈ ಚಾಚಿ ಕೊಂಬೆಗೆ ಕೈ ಹಾಕಿದ. ಕೊಕ್ಕೆ ಮುಳ್ಳು ಅಂಗೈಗೆ ಹೊಕ್ಕಿತು. ಎಳೆದುಕೊಂಡಷ್ಟೂ ಒಳಕ್ಕೆ ಇಳಿಯಿತು. ಮಾಂಬೇಲೆ ಎಳೆಯಲಿಲ್ಲ, ಬಿಡಲೂ ಇಲ್ಲ. ಕೊನೆಗೆ ಅವನೇ ನೆತ್ತರು ಒರೆಸಿಕೊಂಡು ಹಿಂದೆ ಸರಿದ. “ಪೊಲೀಸರನ್ನು ಕರೀರಿ. ಗೇಟು ಮುಚ್ಚಿಸಿ,” ಎಂದು ವಾಕಿಟಾಕಿಯಲ್ಲಿ ಕಿರುಚಿದ. ಸೆಕ್ಯೂರಿಟಿಯವರು ನಮ್ಮ ಪಕ್ಕದೂರಿನವರು. ಕೊಂಬೆ ಮುಟ್ಟಲು ಅವರಿಗೆ ಧೈರ್ಯವಿರಲಿಲ್ಲ. ಬೂಟು ನೋಡುತ್ತ ನಿಂತರು.

ಮಾಂಬೇಲೆ ನಡೆದಳು. ದಾರಿಯ ತುಂಬ ಮದುವೆಯ ಜನ. ಮೊಬೈಲುಗಳು ಮೇಲೆದ್ದಿದ್ದವು. ಮದುಮಗಳು ಒಬ್ಬಳೇ ತನ್ನ ಬಿಳಿ ಲಂಗದ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹುಲ್ಲಿಗೆ ಇಳಿದು ದಾರಿ ಬಿಟ್ಟಳು. ಅವಳಿಗೆ ಏನು ತಿಳಿಯಿತೋ. ತಲೆ ಬಗ್ಗಿಸಿದ್ದಳು. ಅದನ್ನೂ ಇಲ್ಲಿ ಬರೆಯಬೇಕು.

ಗೇಟಿಗೆ ಬೀಗ ಬಿದ್ದಿತ್ತು. ಜೆಫಾನಿಯಾ ಅದರ ಮುಂದೆ ನಿಂತಿದ್ದ, ಬೀಗದ ಕೈ ಅವನ ಸೊಂಟದಲ್ಲಿತ್ತು. ವಾಕಿಟಾಕಿ ಅವನ ಎದೆಯ ಮೇಲೆ ಕೂಗುತ್ತಲೇ ಇತ್ತು. “ಜೆಫಾನಿಯಾ, ಬಿಡಬೇಡ. ಜೆಫಾನಿಯಾ, ಉತ್ತರ ಕೊಡು. ಕೇಳಿಸ್ತಾ?”

ಪೊಲೀಸ್ ಸ್ಟೇಷನ್ನಿನಿಂದ ಇಲ್ಲಿಗೆ ಒಂದೂವರೆ ಗಂಟೆಯ ದಾರಿ. ಬಿಸಿಲಿನಲ್ಲಿ ನಿಂತೆವು. ಮಾಂಬೇಲೆ ಅವನನ್ನು ಏನೂ ಕೇಳಲಿಲ್ಲ, ಕೇಳುವ ಹಾಗಿರಲಿಲ್ಲ. ನಾನೂ ಕೇಳಲಿಲ್ಲ. ಅವನಿಗೆ ನಾಲ್ಕು ಮಕ್ಕಳು. ಹಿರಿಯವಳಿಗೆ ಆ ವರ್ಷ ಕಾಲೇಜು. ನಾನೇ ಅರ್ಜಿ ತುಂಬಿಕೊಟ್ಟಿದ್ದೆ.

ಮಾಂಬೇಲೆ ಪಿಸುಗುಟ್ಟಿದಳು, “ನಿಲ್ಲು ಮಗಳೇ. ಇನ್ನು ಸ್ವಲ್ಪ ಹೊತ್ತು. ನಂಗೂ ಕಾಲು ನೋಯ್ತಿದೆ.”

ಜೆಫಾನಿಯಾ ವಾಕಿಟಾಕಿಯ ಗುಂಡಿ ತಿರುಗಿಸಿದ. ಕೂಗು ನಿಂತಿತು. ಟೋಪಿ ತೆಗೆದು ಗೇಟಿನ ಕಂಬದ ಮೇಲಿಟ್ಟ. ರೆಸಾರ್ಟಿನ ಹೆಸರಿದ್ದ ಅಂಗಿ ಬಿಚ್ಚಿ, ಮಡಿಸಿ, ಟೋಪಿಯ ಕೆಳಗಿಟ್ಟ. ಒಳಗೆ ತೂತು ಬಿದ್ದ ಬನಿಯನ್ನು. ಬೀಗ ತೆಗೆದು ಗೇಟನ್ನು ಪೂರ್ತಿ ತೆರೆದ. ಒಬ್ಬರು ದಾಟುವಷ್ಟಲ್ಲ, ಇಬ್ಬರು ಜೊತೆಯಾಗಿ ದಾಟುವಷ್ಟು.

ಮಾಂಬೇಲೆ ದಾಟಿದಳು. “ಹೊರಗೆ ಬಂದ್ವಿ ಮಗಳೇ,” ಅಂದಳು.

ಅವನು ಕಾವಲು ಗೂಡಿನೊಳಗೆ ಹೋದ. ಮೊಳೆಗೆ ಆರು ತಿಂಗಳಿಂದ ನೇತುಬಿದ್ದಿದ್ದ ಖೆತಿವೆಯ ನೀಲಿ ಡಬ್ಬಿ ಇಳಿಸಿದ. ದಿನವೂ ಒರೆಸಿಡುತ್ತಿದ್ದನೇನೋ, ಧೂಳಿರಲಿಲ್ಲ. ಅವನ ಹೆಂಡತಿ ಕಟ್ಟಿಕೊಟ್ಟಿದ್ದ ಬುತ್ತಿ ಒಲೆಯ ಪಕ್ಕ ಇತ್ತು. ಮೆಕ್ಕೆಜೋಳದ ಹಿಟ್ಟಿನ ಉದುರು ಮುದ್ದೆ, ಬೇಯಿಸಿದ ಕಾಳು. ಅಷ್ಟನ್ನೂ ನೀಲಿ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ. ಹೊರಗೆ ಬಂದು ಮಾಂಬೇಲೆಯ ಮುಂದೆ ಹಿಡಿದ.

ಊಟವನ್ನು ನಾವು ಎರಡು ಕೈ ಚಾಚಿಯೇ ತೆಗೆದುಕೊಳ್ಳಬೇಕು. ಮಾಂಬೇಲೆಯ ಒಂದು ಕೈಯಲ್ಲಿ ಮಗಳಿದ್ದಳು. ಅವಳು ಇನ್ನೊಂದು ಕೈ ಚಾಚಿದಳು. ಅದರ ಪಕ್ಕದಲ್ಲಿ ನಾನು ನನ್ನ ಒಂದು ಕೈ ಇಟ್ಟೆ.

ಜೆಫಾನಿಯಾ ಡಬ್ಬಿಯನ್ನು ಆ ಎರಡು ಕೈಗಳ ಮೇಲೆ ಇಳಿಸಿದ. ತಳ ಇನ್ನೂ ಬಿಸಿಯಾಗಿತ್ತು.